ಗಡ್ಡೆ ಹೋದ ಮೇಲಿನ ಬ್ಯಾನಿ

ಶಿಗ್ಗಾಂವದ ಹಳೇ ಪಿ.ಬಿ. ರೋಡಿನಲ್ಲಿ ಔಷಧಿ ಅಂಗಡಿ ನಡೆಸುತ್ತಲೇ ನನ್ನ ತಲೆ ಬೆಳ್ಳಗಾಯಿತು. ಈಗ ಗಲ್ಲಾದ ಮೇಲೆ ಮಗ ಕೂಡುತ್ತಾನೆ. ನಮ್ಮ ಕಡೆಯ ಮಂದಿ ಅಂಗಡಿಗೆ ಬಂದರೆ ಗುಳಿಗೆಯ ಹೆಸರಿಗಿಂತ ಮೊದಲು ಬ್ಯಾನಿಯ ಹೆಸರು ಹೇಳುತ್ತಾರೆ. ‘ಟೊಂಕ ಹಿಡದೈತ್ರಿ’, ‘ಮಣಕಾಲ ಬಾತಾವ್ರಿ’, ‘ತಲಿ ಸಿಡ್ಯಾಕತ್ತೈತ್ರಿ’. ಅಂಥವಕ್ಕೆ ಯಾವ ಗುಳಿಗೆ, ಎಷ್ಟು ದಿನ ಎಂಬುದು ಅಂಗಡಿಯ ಹುಡುಗನಿಗೂ ಗೊತ್ತಿರುತ್ತದೆ. ಆದರೆ ಕ್ಯಾನ್ಸರ್ ಹೊಕ್ಕ ಮನೆಗಳಿಂದ ಬರುತ್ತಿದ್ದ ಕೆಲವರು ಹೇಳುವ ಬ್ಯಾನಿ ಈ ಯಾವ ಲೆಕ್ಕಕ್ಕೂ ಸಿಗುತ್ತಿರಲಿಲ್ಲ. ‘ಅಂಗಾಲಾಗ ಕೆಂಡ ಇಟ್ಟಂಗ ಆಕ್ಕೈತ್ರಿ, ಮುಟ್ಟಿ ನೋಡಿದ್ರ ಕಾಲು ತಣ್ಣಗಿರತೈತಿ.’ ‘ಬೆರಳಾಗ ಇರುವಿ ಹರದಂಗ, ನಡುನಡುವ ಕರೆಂಟ್ ಹೊಡದಂಗ.’ ಗಾಯವಿಲ್ಲ, ಬಾವಿಲ್ಲ, ಕೆಂಪಿಲ್ಲ. ಡೈಕ್ಲೋಫೆನಾಕ್ ನುಂಗಿದರೂ ಅಷ್ಟೇ, ಬರೀ ನೀರು ಕುಡಿದರೂ ಅಷ್ಟೇ. ನರಕ್ಕೆ ಪೆಟ್ಟು ಬಿದ್ದಾಗ ಹುಟ್ಟುವ ಈ ನೋವಿನ ಗುಣ ನನಗೆ ಪೂರ್ತಿ ತಿಳಿದದ್ದು ಅದು ನಮ್ಮ ಅಕ್ಕನ ಮೈಗೆ ಬಂದಾಗ.

ನಮ್ಮ ಭಾಗದಲ್ಲಿ ಕ್ಯಾನ್ಸರ್ ಅಂದರೆ ಹುಬ್ಬಳ್ಳಿ. 1997ರಲ್ಲಿ ಹಾವೇರಿ ಬೇರೆ ಜಿಲ್ಲೆಯಾಗಿ ಶಿಗ್ಗಾಂವ, ಸವಣೂರು, ಹಾನಗಲ್ಲ, ಹಿರೇಕೆರೂರು ಎಲ್ಲ ಧಾರವಾಡದಿಂದ ಕಳಚಿಕೊಂಡವು. ಆದರೂ ದೊಡ್ಡ ಕಾಯಿಲೆ ಬಂದರೆ ನಾವು ಹತ್ತುವುದು ಹುಬ್ಬಳ್ಳಿ ಬಸ್ಸನ್ನೇ. ಕಿಮ್ಸ್, ಇಲ್ಲವೇ ನವನಗರದ ಕ್ಯಾನ್ಸರ್ ದವಾಖಾನೆ; ಅಲ್ಲಿಂದಲೂ ಮುಂದೆ ಹೋಗಬೇಕೆಂದರೆ ಬೆಂಗಳೂರಿನ ಕಿದ್ವಾಯಿ. ಬೆಳಗಿನ ಬಸ್ಸಿನಲ್ಲಿ ಸ್ಕ್ಯಾನಿಂಗಿನ ದೊಡ್ಡ ಲಕೋಟೆ ತೊಡೆಯ ಮೇಲಿಟ್ಟುಕೊಂಡು, ಬಾಯಿಗೆ ಸೆರಗೋ ಟವೆಲ್ಲೋ ಒತ್ತಿಕೊಂಡು ಕೂತವರನ್ನು ಕಂಡರೆ ಎಲ್ಲಿಗೆಂದು ಯಾರೂ ಕೇಳುವುದಿಲ್ಲ. ಬಾಯಿಯ ಕ್ಯಾನ್ಸರ್ ನಮ್ಮಲ್ಲಿ ಬಹಳ. ಸವಣೂರಿನ ಎಲೆಗೆ ದೊಡ್ಡ ಹೆಸರಿದೆ. ಆ ಎಲೆಯೊಳಗೆ ತಂಬಾಕು ಸೇರಿತು, ಆಮೇಲೆ ಎಲೆಯನ್ನೇ ಬಿಟ್ಟು ಗುಟ್ಕಾ ಚೀಟು ಬಂತು. 2013ರಲ್ಲಿ ಸರ್ಕಾರ ಗುಟ್ಕಾ ನಿಷೇಧಿಸಿತು. ಪಾನ್ ಮಸಾಲೆ ಒಂದು ಚೀಟು, ತಂಬಾಕು ಇನ್ನೊಂದು ಚೀಟು ಎಂದು ಎರಡಾಗಿ ಮಾರಾಟ ಮುಂದುವರಿಯಿತು. ಹೆಂಗಸರಲ್ಲಿ ಸ್ತನದ್ದು, ಗರ್ಭಕಂಠದ್ದು. ಇವು ಒಂದೊಂದೂ ತಮ್ಮದೇ ದಾರಿಯಲ್ಲಿ ನರವನ್ನು ಹಿಡಿಯುತ್ತವೆ. ಗರ್ಭಕಂಠದ ಗಡ್ಡೆ ಕಿಬ್ಬೊಟ್ಟೆಯಲ್ಲಿ ಬೆಳೆದು ಹಿಂದಿನ ನರಗಳ ಗುಂಪನ್ನು ಒತ್ತಿದರೆ ಪೃಷ್ಠದಿಂದ ಹಿಮ್ಮಡಿಯವರೆಗೆ ಸೆಳೆಯುತ್ತದೆ. ಬಾಯಿಯ ಕ್ಯಾನ್ಸರಿಗೆಂದು ಕುತ್ತಿಗೆಯ ಗಂಟುಗಳನ್ನು ತೆಗೆದ ಮೇಲೆ ಹೆಗಲು ಇಳಿಬಿದ್ದು ತೋಳು ಮೇಲೇಳುವುದಿಲ್ಲ.

ಅಕ್ಕನನ್ನು ಕೊಟ್ಟದ್ದು ಬಂಕಾಪುರದ ಹತ್ತಿರದ ಹಳ್ಳಿಗೆ. ಗೋವಿನಜೋಳ, ಹತ್ತಿ, ಎರಡು ಎಮ್ಮೆ, ತುಂಬಿದ ಮನೆ. ಎಡಮೊಲೆಯಲ್ಲಿ ಗಂಟು ಕಂಡಿತು. ಅವಳ ಮಗ, ನನ್ನ ಅಳಿಯ, ತಡಮಾಡದೆ ಹುಬ್ಬಳ್ಳಿಗೆ ಕರೆದುಕೊಂಡು ಹೋದ. ಆಪರೇಶನ್ನಿನಲ್ಲಿ ಸ್ತನದ ಜೊತೆ ಕಂಕುಳದ ಗಂಟುಗಳನ್ನೂ ತೆಗೆದರು. ಆಮೇಲೆ ಕೀಮೋ: ಮೊದಲು ಕೆಂಪು ಬಣ್ಣದ ಔಷಧ, ಅದಾದ ಮೇಲೆ ಪ್ಯಾಕ್ಲಿಟಾಕ್ಸೆಲ್. ಕೊನೆಗೆ ನಮ್ಮವರು ‘ಕರೆಂಟ್ ಕೊಡೂದು’ ಅನ್ನುವ ರೇಡಿಯೇಶನ್. ಎಲ್ಲ ಮುಗಿದು ರಿಪೋರ್ಟು ಚೆನ್ನಾಗಿ ಬಂದ ದಿನ ಭಾವ ಊರಿಗೆಲ್ಲ ಪೇಢೆ ಹಂಚಿದರು. ಅಕ್ಕನ ಸಂಕಟ ನಿಜವಾಗಿ ಶುರುವಾದದ್ದು ಆ ಪೇಢೆ ತಿಂದು ಎಲ್ಲರೂ ಕೈತೊಳೆದುಕೊಂಡ ನಂತರ.

ಅವಳಿಗೆ ಎರಡು ಕಡೆ ಎರಡು ಬಗೆಯ ಬ್ಯಾನಿ. ಒಂದು ಎಡತೋಳಿನ ಒಳಭಾಗ ಮತ್ತು ಕಂಕುಳದಲ್ಲಿ. ಖಣದ ಕುಬಸದ ಅಂಚು ತಾಗಿದರೆ ಚುಳ್ ಎನ್ನುತ್ತಿತ್ತು. ಅದೇ ಜಾಗವನ್ನು ಬಲಗೈಯಿಂದ ಗಟ್ಟಿಯಾಗಿ ಅದುಮಿ ಹಿಡಿದರೆ ತುಸು ಸಮಾಧಾನ. ಒದ್ದೆ ಬಟ್ಟೆ ಸುತ್ತಿಕೊಂಡು ಕೂಡುತ್ತಿದ್ದಳು. ಇನ್ನೊಂದು ಪಾದ ಮತ್ತು ಬೆರಳ ತುದಿಗಳಲ್ಲಿ. ಹಗಲೆಲ್ಲ ಜೋಮು, ರಾತ್ರಿಯಾದರೆ ಉರಿ. ಬಂಕಾಪುರ ಕೋಟೆಯ ನವಿಲು ಕೂಗಿ ಬೆಳಗಾಗುವ ತನಕ ಕಣ್ಣಿಗೆ ಕಣ್ಣು ಹತ್ತುತ್ತಿರಲಿಲ್ಲ. ಕಾಲಿನ ಚಪ್ಪಲಿ ಹೊಲದ ಬದುವಿನಲ್ಲೇ ಕಳಚಿ ಬಿದ್ದಿದ್ದು ಮನೆಗೆ ಬಂದ ಮೇಲೆ ಗೊತ್ತಾಗುತ್ತಿತ್ತು. ಹುಟ್ಟಿದಾಗಿನಿಂದ ರೊಟ್ಟಿ ಬಡಿದ ಕೈ ಅವಳದು. ಹಂಚಿನ ಮೇಲಿನ ರೊಟ್ಟಿಯನ್ನು ಬರಿಗೈಯಲ್ಲಿ ತಿರುವಿ ಹಾಕುವವಳು. ಈಗ ಬೆರಳಿಗೆ ಬಿಸಿಯೇ ತಿಳಿಯದೆ ಬೊಬ್ಬೆ ಎದ್ದ ಮೇಲೆ ಕಣ್ಣಿಗೆ ಕಾಣುತ್ತಿತ್ತು. ಸ್ಪರ್ಶ ತಿಳಿಯದ ಜಾಗದಲ್ಲೇ ಇಷ್ಟು ಉರಿ ಹೇಗೆ ಎಂದು ಮನೆಯವರಿಗೆ ಅರ್ಥವಾಗಲಿಲ್ಲ.

‘ಗಡ್ಡಿ ತಗದಾರ, ರಿಪೋರ್ಟ್ ಚಲೋ ಬಂದೈತಿ. ಮತ್ಯಾಕ ಹಿಂಗ ನಳ್ಳತಿ?’ ಎಂದು ಭಾವ ಕೇಳುತ್ತಿದ್ದರು. ಕೆಟ್ಟ ಮನುಷ್ಯರಲ್ಲ, ಹೊಲ ಒತ್ತೆಯಿಟ್ಟು ಆಸ್ಪತ್ರೆಗೆ ಓಡಾಡಿದವರು. ನೋವಿದ್ದರೆ ಗಡ್ಡೆ ಮತ್ತೆ ಬಂದಿರಬೇಕು, ಗಡ್ಡೆ ಇಲ್ಲವೆಂದರೆ ನೋವೂ ಇರಬಾರದು ಎಂಬುದು ಅವರ ಲೆಕ್ಕ. ಒಬ್ಬರು ವಾಯು ಅಂದರು, ಒಬ್ಬರು ಉಷ್ಣ ಅಂದರು. ಇನ್ನೊಬ್ಬರು ಕರೆಂಟ್ ಕೊಟ್ಟದ್ದು ಮೈಯಲ್ಲಿ ಉಳಿದಿದೆ, ಅದಕ್ಕೇ ಶಾಕ್ ಹೊಡೆಯುತ್ತದೆ ಎಂದರು. ಎಣ್ಣೆ ಹಚ್ಚಿ ತಿಕ್ಕಲು ಬಂದ ಹೆಂಗಸನ್ನು ಅಕ್ಕ ಕೂಗಿ ಓಡಿಸಿದಳು. ಶಿಶುನಾಳದ ಗದ್ದುಗೆಗೆ ಹರಕೆಯೂ ಆಯಿತು. ಕೊನೆಕೊನೆಗೆ ಅವಳು ಹೇಳುವುದನ್ನೇ ಬಿಟ್ಟಳು. ‘ಹೇಳಿದ್ರ ಯಾರ ನಂಬತಾರೋ ತಮ್ಮಾ, ತೋರ್ಸಾಕ ಒಂದ್ ಗುಳ್ಳಿನೂ ಇಲ್ಲ’ ಅಂದಳು ನನ್ನ ಮುಂದೆ.

ತೋರಿಸಲು ಏನೂ ಇಲ್ಲದ ಈ ನೋವು ಹೊಸದೇನಲ್ಲ. 1861ರಿಂದ 65ರವರೆಗೆ ಅಮೆರಿಕದಲ್ಲಿ ನಡೆದ ಅಂತರ್ಯುದ್ಧದಲ್ಲಿ ಗುಂಡು ತಾಗಿ ನರ ಹರಿದ ಸೈನಿಕರಿಗೆ ಫಿಲಡೆಲ್ಫಿಯಾದ ಸೈಲಸ್ ವೇರ್ ಮಿಚೆಲ್ ಎಂಬ ವೈದ್ಯ ಚಿಕಿತ್ಸೆ ಕೊಡುತ್ತಿದ್ದ. ಗಾಯ ಮಾಯ್ದು ತಿಂಗಳುಗಳಾದರೂ ಅವರ ಕೈ ಉರಿಯುತ್ತಿತ್ತು. ಒಣ ಬಟ್ಟೆ ತಾಗಿದರೆ ತಡೆಯಲಾಗದೆ ಕೈಯನ್ನು ಸದಾ ಒದ್ದೆಯಾಗಿ ಇಟ್ಟುಕೊಳ್ಳುತ್ತಿದ್ದರು, ಬೂಟಿನೊಳಗೂ ನೀರು ಸುರಿದುಕೊಳ್ಳುತ್ತಿದ್ದರು ಎಂದು ಅವನು ದಾಖಲಿಸಿದ್ದಾನೆ. ಬಂಕಾಪುರದ ಪಕ್ಕದ ಹಳ್ಳಿಯಲ್ಲಿ ಒದ್ದೆ ಬಟ್ಟೆ ಸುತ್ತಿಕೊಂಡ ನಮ್ಮ ಅಕ್ಕನಿಗೂ ಆ ಸೈನಿಕರಿಗೂ ಆಗಿದ್ದು ಒಂದೇ.

ಅವಳ ಸಂಕಟಕ್ಕೆ ದಾರಿ ಸಿಕ್ಕಿದ್ದು ಹುಬ್ಬಳ್ಳಿಯಲ್ಲಿ ಅರಿವಳಿಕೆ ವಿಭಾಗದ ಒಬ್ಬ ಯುವ ವೈದ್ಯೆಯಿಂದ. ಆಕೆ ರಿಪೋರ್ಟಿನ ಕಟ್ಟನ್ನು ಪಕ್ಕಕ್ಕಿಟ್ಟು ಅಕ್ಕನನ್ನು ಮಾತಾಡಿಸಿದರು. ಉರಿಯೋ, ಕೊರೆಯುವ ಚಳಿಯೋ, ಶಾಕ್ ಹೊಡೆದ ಹಾಗೋ? ಜುಮುಜುಮು ಅನ್ನುತ್ತದೆಯೇ, ಸೂಜಿ ಚುಚ್ಚಿದಂತೆಯೇ, ಜೋಮೇ, ತುರಿಕೆಯೇ? ಆಮೇಲೆ ಕಣ್ಣು ಮುಚ್ಚಿಸಿ ಹತ್ತಿಯಿಂದ ಸವರಿದರು, ಮೊನೆಯಿಂದ ಮೆಲ್ಲಗೆ ಚುಚ್ಚಿದರು, ಕಂಪಿಸುವ ಕವೆಗೋಲನ್ನು ಕಾಲ ಹೆಬ್ಬೆರಳ ಮೇಲಿಟ್ಟು ‘ತಿಳಿಯುತ್ತಾ ಅಮ್ಮಾ?’ ಎಂದರು. ತಿಳಿಯಲಿಲ್ಲ. ಫ್ರಾನ್ಸಿನ ವೈದ್ಯರು 2005ರಲ್ಲಿ ಪ್ರಕಟಿಸಿದ ಡಿಎನ್4 ಎಂಬ ಹತ್ತು ಅಂಶಗಳ ಪಟ್ಟಿಯೊಂದಿದೆ. ಏಳು ಕೇಳಿ ತಿಳಿಯುವಂಥವು, ಮೂರು ಮುಟ್ಟಿ ನೋಡುವಂಥವು. ಹತ್ತರಲ್ಲಿ ನಾಲ್ಕಕ್ಕೆ ಹೌದು ಎಂದರೆ ನರದ ನೋವಿನ ಅನುಮಾನ ಬಲವಾಗುತ್ತದೆ. ಅಕ್ಕನಿಗೆ ನಾಲ್ಕನ್ನು ದಾಟಿ ಬಹಳ ಮುಂದೆ ಹೋಯಿತು. ಯಂತ್ರವಿಲ್ಲ, ರಕ್ತ ತೆಗೆಯುವುದಿಲ್ಲ. ಕೇಳುವ ವ್ಯವಧಾನವೊಂದು ಬೇಕು.

ಆಕೆ ನಮಗೆ ಬಿಡಿಸಿ ಹೇಳಿದರು. ಕಂಕುಳದ ಗಂಟು ತೆಗೆಯುವ ದಾರಿಯಲ್ಲೇ, ಪಕ್ಕೆಲುಬುಗಳ ನಡುವಿನಿಂದ ಹೊರಟು ತೋಳಿನ ಒಳಚರ್ಮಕ್ಕೆ ಹೋಗುವ ಸಣ್ಣದೊಂದು ನರವಿದೆ. ಎಷ್ಟು ಜಾಗ್ರತೆ ಮಾಡಿದರೂ ಕೆಲವೊಮ್ಮೆ ಅದು ಉಳಿಯುವುದಿಲ್ಲ, ಅದು ಯಾರ ತಪ್ಪೂ ಅಲ್ಲ. ಇಲಿ ಕಡಿದ ಪಂಪ್‌ಸೆಟ್ ವೈರು ಮೋಟಾರಿಗೆ ಕರೆಂಟ್ ಸರಿಯಾಗಿ ಒಯ್ಯದೆ ಮಧ್ಯದಲ್ಲೇ ಕಿಡಿ ಹಾರಿಸುವಂತೆ, ಪೆಟ್ಟಾದ ನರ ಸ್ಪರ್ಶವನ್ನು ಸರಿಯಾಗಿ ಒಯ್ಯದೆ ತಾನಾಗಿಯೇ ನೋವಿನ ಸುದ್ದಿಯನ್ನು ಮಿದುಳಿಗೆ ಕಳಿಸುತ್ತಿರುತ್ತದೆ. ಜೋಮು ಮತ್ತು ಉರಿ ಒಂದೇ ಜಾಗದಲ್ಲಿರುವುದು ಹಾಗೆ.

ಪಾದದ ಕಥೆ ಬೇರೆ. ಪಾದಕ್ಕೆ ಹೋಗುವ ನರದ ಜೀವಕೋಶ ಇರುವುದು ಸೊಂಟದ ಬಳಿ ಬೆನ್ನೆಲುಬಿನ ಪಕ್ಕದಲ್ಲಿ. ಅದರ ಎಳೆ ಮಾತ್ರ ಸುಮಾರು ಒಂದು ಮೀಟರ್ ಉದ್ದ ಹರಿದು ಬೆರಳ ತುದಿ ಮುಟ್ಟುತ್ತದೆ. ತುದಿಗೆ ಬೇಕಾದ ಸರಕೆಲ್ಲ ಜೀವಕೋಶದಲ್ಲೇ ತಯಾರಾಗಿ, ಎಳೆಯೊಳಗಿನ ಅತಿ ಸಣ್ಣ ಕೊಳವೆಗಳ ಹಾದಿ ಹಿಡಿದು ಸಾಗಬೇಕು. ಪ್ಯಾಕ್ಲಿಟಾಕ್ಸೆಲ್ ಕ್ಯಾನ್ಸರ್ ಕೋಶ ಒಡೆದು ಎರಡಾಗದಂತೆ ತಡೆಯುವುದು ಇಂಥ ಕೊಳವೆಗಳನ್ನು ಬಿಗಿಗೊಳಿಸಿಯೇ. ನಮ್ಮ ಅಂಗಳಗಳಲ್ಲಿ ನೀರು ಹಾಕದಿದ್ದರೂ ಹೂ ಬಿಡುವ ಕಾಶಿ ಕಣಗಿಲೆಯಿಂದ ತೆಗೆದ, ಮಕ್ಕಳ ರಕ್ತದ ಕ್ಯಾನ್ಸರಿಗೆ ಕೊಡುವ ವಿಂಕ್ರಿಸ್ಟಿನ್ ಅವೇ ಕೊಳವೆಗಳು ಕಟ್ಟಿಕೊಳ್ಳದಂತೆ ಮಾಡುತ್ತದೆ. ಎರಡರಲ್ಲೂ ನರದ ಸಾಗಾಟ ಕೆಡುತ್ತದೆ. ಅತಿ ಉದ್ದದ ಎಳೆಯ ತುದಿ ಮೊದಲು ಸೊರಗುತ್ತದೆ. ಅದಕ್ಕೇ ಕಾಲ ಬೆರಳಿನಿಂದ ಶುರು, ಆಮೇಲೆ ಕೈ ಬೆರಳು. ಸಿಸ್‌ಪ್ಲಾಟಿನ್, ಆಕ್ಸಾಲಿಪ್ಲಾಟಿನ್ ಔಷಧಗಳು ಬೆನ್ನೆಲುಬಿನ ಪಕ್ಕದ ಜೀವಕೋಶಕ್ಕೇ ಪೆಟ್ಟು ಕೊಡುತ್ತವೆ. ಆಕ್ಸಾಲಿಪ್ಲಾಟಿನ್ ಪಡೆದವರು ಫ್ರಿಜ್ಜಿನ ನೀರಿನ ಬಾಟಲಿ ಮುಟ್ಟಿದರೆ ಬೆರಳಿಗೆ ಮುಳ್ಳು ಹೊಕ್ಕಂತೆ ಆಗುತ್ತದೆ. ಈ ಪ್ಲಾಟಿನಂ ಔಷಧ ನಿಲ್ಲಿಸಿದ ಮೇಲೂ ಕೆಲವು ತಿಂಗಳು ಜೋಮು ಹೆಚ್ಚುತ್ತಲೇ ಹೋಗಬಹುದು.

ವೈದ್ಯೆ ಬರೆದದ್ದು ಅಮಿಟ್ರಿಪ್ಟಿಲಿನ್, 10 ಮಿಲಿಗ್ರಾಂ, ರಾತ್ರಿ ಮಲಗುವ ಮುಂದೆ. ನನ್ನ ಅಂಗಡಿಯ ಕಪಾಟಿನಲ್ಲಿ ಅತಿ ಕಡಿಮೆ ಬೆಲೆಯ ಗುಳಿಗೆಗಳಲ್ಲಿ ಅದೂ ಒಂದು. ಒಂದು ವಾರವೂ ಆಗಿರಲಿಲ್ಲ, ಅಳಿಯ ಆ ಗುಳಿಗೆಯ ಪಟ್ಟಿ ಹಿಡಿದುಕೊಂಡು ಅಂಗಡಿಗೆ ಬಂದ. ಮುಖ ಕೆಂಪಗಾಗಿತ್ತು.

‘ಮಾಮಾ, ಇದು ತಲಿ ಕೆಟ್ಟವ್ರಿಗೆ ಕೊಡೂ ಗುಳಗಿ ಅಂತ ಮೊಬೈಲ್‌ನ್ಯಾಗ ಐತಿ. ನಮ್ಮವ್ವಗೇನ ಹುಚ್ಚ ಹಿಡದೈತಿ?’

ಅವನು ಓದಿದ್ದರಲ್ಲಿ ಸುಳ್ಳಿರಲಿಲ್ಲ. 1961ರಲ್ಲಿ ಆ ಔಷಧ ಮಾರುಕಟ್ಟೆಗೆ ಬಂದದ್ದು ಖಿನ್ನತೆಗೇ. ಅದರ ಜೊತೆಗೆ ನರದ ನೋವಿಗೆ ಬರೆಯುವ ಗ್ಯಾಬಾಪೆಂಟಿನ್ ಬಂದದ್ದು ಮೂರ್ಛೆರೋಗಕ್ಕೆ. ಡುಲೋಕ್ಸೆಟಿನ್ ಕೂಡ ಖಿನ್ನತೆಯ ಸಾಲಿನದೇ. ನಮ್ಮ ಊರುಗಳಲ್ಲಿ ಈ ಗುಳಿಗೆಗಳು ಮನೆಯ ಗೂಡಿನಲ್ಲಿ ಹಾಗೇ ಉಳಿಯುವುದು ಈ ಕಾರಣಕ್ಕೆ. ಕೆಲವರು ಅಂಗಡಿಗೆ ತಂದು ವಾಪಸು ಕೊಡುತ್ತಾರೆ. ನಾನು ಅಂದು ಅಂಗಡಿ ಮಗನಿಗೆ ಬಿಟ್ಟು ಅಕ್ಕನ ಮನೆಗೆ ಹೋದೆ. ಪಡಸಾಲೆಯಲ್ಲಿ ಎಲ್ಲರನ್ನೂ ಕೂಡಿಸಿ ಹೇಳಿದೆ: ಖಿನ್ನತೆಗೆ ಕೊಡುವುದಾದರೆ ದಿನಕ್ಕೆ 75 ಮಿಲಿಗ್ರಾಂ, ಅದಕ್ಕೂ ಹೆಚ್ಚು ಬೇಕಾಗುತ್ತದೆ. ಇಲ್ಲಿರುವುದು 10. ನೋವಿನ ಸುದ್ದಿ ಮೇಲೇರದಂತೆ ಮಿದುಳು ತಾನೇ ಬೆನ್ನುಹುರಿಗೆ ತಡೆ ಕಳಿಸುತ್ತದೆ. ಆ ತಡೆಗೆ ಬಲ ಕೊಡುವುದು ಈ ಗುಳಿಗೆಯ ಕೆಲಸ. ಮಾಮೂಲಿ ಬ್ಯಾನಿ ಗುಳಿಗೆ ಬಾವು ಇಳಿಸುತ್ತದೆ, ಇಲ್ಲಿ ಬಾವೇ ಇಲ್ಲ. ಇದು ನುಂಗಿದ ದಿನವೇ ಗುಣ ತೋರಿಸುವುದಿಲ್ಲ, ಕೆಲವು ವಾರ ಬೇಕು. ಬಾಯಿ ಒಣಗುತ್ತದೆ, ಮುಂಜಾನೆ ತಲೆ ಭಾರ ಇರುತ್ತದೆ. ಸಾಕೆನಿಸಿದರೂ ಒಮ್ಮೆಲೇ ಬಿಡಬಾರದು.

ಭಾವ ಬಹಳ ಹೊತ್ತು ಸುಮ್ಮನಿದ್ದು, ‘ಅಂದ್ರ ಆಕಿ ಬ್ಯಾನಿ ಖರೇನ ಐತಿ ಅಂತಾತು’ ಅಂದರು. ಅಕ್ಕ ಅಡುಗೆಮನೆಯ ಬಾಗಿಲಲ್ಲಿ ನಿಂತು ಸೆರಗಿನಿಂದ ಕಣ್ಣೊರೆಸಿಕೊಂಡಳು. ಗುಳಿಗೆಗಿಂತ ಮೊದಲು ಅವಳಿಗೆ ಅರ್ಧ ಸಮಾಧಾನ ಕೊಟ್ಟದ್ದು ಭಾವನ ಆ ಮಾತು.

ತೋಳಿನ ಉರಿ ನಿಧಾನಕ್ಕೆ ಇಳಿಯಿತು. ಹತ್ತಕ್ಕೆ ಎಂಟು ಎನ್ನುತ್ತಿದ್ದವಳು ನಾಲ್ಕು ಎನ್ನತೊಡಗಿದಳು. ರಾತ್ರಿ ನಿದ್ದೆ ಬಂತು. ಪಾದದ್ದು ಅಷ್ಟು ಸುಲಭವಾಗಿ ಬಗ್ಗಲಿಲ್ಲ. ಕೀಮೋದಿಂದ ಬಂದ ನರದ ನೋವಿಗೆ ಈ ತನಕ ಸಮಾಧಾನಕರವಾದ ಪುರಾವೆ ಇರುವುದು ಡುಲೋಕ್ಸೆಟಿನ್ ಒಂದಕ್ಕೇ. 2013ರಲ್ಲಿ ಅದರ ದೊಡ್ಡ ಪರೀಕ್ಷೆಯ ಫಲಿತಾಂಶ ಬಂತು. ವೈದ್ಯೆ ಮೊದಲಿನ ಗುಳಿಗೆಯನ್ನು ಹಂತಹಂತವಾಗಿ ಇಳಿಸಿ ಇದಕ್ಕೆ ಬದಲಾಯಿಸಿದರು. ಉರಿ ಕಡಿಮೆಯಾಯಿತು, ಜೋಮು ಹಾಗೇ ಉಳಿಯಿತು. ಸತ್ತ ಸ್ಪರ್ಶವನ್ನು ಮರಳಿ ತರುವ ಗುಳಿಗೆ ಇಲ್ಲ ಎಂದು ಅವರು ಮೊದಲೇ ಹೇಳಿದ್ದರು. ಆದ್ದರಿಂದ ಮನೆ ತನ್ನ ರೀತಿ ಬದಲಿಸಿಕೊಂಡಿತು. ಹಿಂದೆ ಪಟ್ಟಿಯಿರುವ ಚಪ್ಪಲಿ ಬಂತು. ಸ್ನಾನದ ನೀರನ್ನು ಸೊಸೆ ಮುಟ್ಟಿ ನೋಡಿ ಕೊಡುತ್ತಾಳೆ. ರಾತ್ರಿ ಮಲಗುವ ಮುನ್ನ ಮೊಮ್ಮಗಳು ಅಜ್ಜಿಯ ಅಂಗಾಲು ನೋಡಿ ಮುಳ್ಳು, ಗಾಯ ಇದೆಯೇ ಎಂದು ಹೇಳುತ್ತಾಳೆ. ರೊಟ್ಟಿ ಈಗಲೂ ಅಕ್ಕನೇ ಬಡಿಯುತ್ತಾಳೆ, ಬೇಯಿಸುವುದು ಸೊಸೆ.

ಎಲ್ಲರ ನೋವೂ ಇಷ್ಟಕ್ಕೆ ನಿಲ್ಲುವುದಿಲ್ಲ. ನಮ್ಮ ಅಂಗಡಿಗೆ ಬರುತ್ತಿದ್ದ ನಿವೃತ್ತ ಕಂಡಕ್ಟರ್ ಒಬ್ಬರಿದ್ದರು. ಹೆಗಲು ಹಿಡಿದಿದೆ ಎಂದು ಮುಲಾಮು ಒಯ್ಯುತ್ತಿದ್ದರು. ನೋವು ತೋಳಿನ ಒಳಬದಿಯಿಂದ ಕಿರುಬೆರಳಿಗೆ ಇಳಿಯಿತು, ಒಂದು ಕಣ್ಣಿನ ರೆಪ್ಪೆ ಜೋಲಿತು. ಕುತ್ತಿಗೆ ಸವೆತವೆಂದು ತಿಳಿದಿದ್ದದ್ದು ಶ್ವಾಸಕೋಶದ ತುತ್ತತುದಿಯಲ್ಲಿ ಬೆಳೆದು ತೋಳಿನ ನರಗಳ ಗುಂಪನ್ನು ಹಿಡಿದ ಗಡ್ಡೆಯಾಗಿತ್ತು. ನರವನ್ನು ಒತ್ತುವ ಗಡ್ಡೆಗೆ ರೇಡಿಯೇಶನ್ ಮತ್ತು ಬಾವು ಇಳಿಸುವ ಡೆಕ್ಸಾಮೆಥಾಸೋನ್ ಕೊಟ್ಟರು. ಜೊತೆಗೆ ಮಾರ್ಫಿನ್ ಬೇಕಾಯಿತು. ಅವರ ಮಗ ಚೀಟಿ ಹಿಡಿದು ಬಂದು, ‘ಸಾವ್ಕಾರ್ರ, ಇದೊಂದ್ ಗುಳಗಿ ಎಲ್ಲೂ ಸಿಗವಲ್ದು’ ಎಂದು ನಿಂತ.

ನನ್ನಲ್ಲೂ ಇರಲಿಲ್ಲ. ಮಾರ್ಫಿನ್ ಅಫೀಮಿನಿಂದ ಬರುವುದು. ಮಧ್ಯಪ್ರದೇಶ, ರಾಜಸ್ಥಾನ, ಉತ್ತರಪ್ರದೇಶದ ರೈತರು ಸರ್ಕಾರದ ಪರವಾನಗಿ ಪಡೆದು ಗಸಗಸೆ ಬೆಳೆದು ಅಫೀಮು ತೆಗೆಯುತ್ತಾರೆ. ನೀಮಚ್ ಮತ್ತು ಗಾಜಿಪುರಗಳಲ್ಲಿ ಸರ್ಕಾರದ್ದೇ ಕಾರ್ಖಾನೆಗಳಿವೆ. ಆದರೆ 1985ರ ಮಾದಕವಸ್ತು ಕಾಯ್ದೆ ಎಷ್ಟು ಬಿಗಿಯಾಯಿತೆಂದರೆ ಆಸ್ಪತ್ರೆಗಳೇ ಮಾರ್ಫಿನ್ ಇಡಲು ಹೆದರಿದವು. 1997ರ ಹೊತ್ತಿಗೆ ಇಡೀ ದೇಶದ ವರ್ಷದ ಬಳಕೆ 18 ಕಿಲೋಗೆ ಇಳಿದಿತ್ತು. ಕ್ಯಾಲಿಕಟ್ಟಿನಲ್ಲಿ 1993ರಲ್ಲಿ ಡಾ. ಎಂ.ಆರ್. ರಾಜಗೋಪಾಲ್ ಮತ್ತು ಗೆಳೆಯರು ಶುರುಮಾಡಿದ ನೋವು ಶಮನ ಕೇಂದ್ರದಂಥವು, ಬೆಂಗಳೂರಿನ ಕರುಣಾಶ್ರಯದಂಥವು ಈ ಹೆದರಿಕೆಯ ವಿರುದ್ಧ ದುಡಿದವು. 2014ರಲ್ಲಿ ಸಂಸತ್ತು ಕಾಯ್ದೆ ತಿದ್ದಿ ಮಾರ್ಫಿನ್ ಸೇರಿದಂತೆ ಅಗತ್ಯ ಔಷಧಗಳಿಗೆ ದೇಶಕ್ಕೆಲ್ಲ ಒಂದೇ ನಿಯಮ ತಂದಿತು. ಮಾನ್ಯತೆ ಪಡೆದ ಆಸ್ಪತ್ರೆ ಒಂದೇ ಪರವಾನಗಿಯಲ್ಲಿ ಇಟ್ಟುಕೊಳ್ಳಬಹುದು. ಆದರೂ ನಮ್ಮಂಥ ತಾಲ್ಲೂಕಿನ ರೋಗಿ ಅದಕ್ಕಾಗಿ ಹುಬ್ಬಳ್ಳಿ ಬಸ್ಸನ್ನೇ ಹತ್ತಬೇಕು.

ಗುಳಿಗೆ ತಂದ ಮೇಲೂ ಕಂಡಕ್ಟರರ ಮನೆಯಲ್ಲಿ ಅಂಜಿಕೆ ಹೋಗಲಿಲ್ಲ. ‘ಅಫೀಮು ರೂಢಿ ಆದ್ರ ಹ್ಯಾಂಗ್ರಿ?’ ನೋವಿಗೆಂದು, ವೈದ್ಯರ ಲೆಕ್ಕದಲ್ಲಿ, ನಾಲ್ಕು ತಾಸಿಗೊಮ್ಮೆ ಬಾಯಿಯಿಂದ ತೆಗೆದುಕೊಂಡವರು ಚಟಕ್ಕೆ ಬೀಳುವುದು ಅಪರೂಪ. ಮಲಬದ್ಧತೆ ಮಾತ್ರ ಖಂಡಿತ, ಅದಕ್ಕೆ ಮೊದಲ ದಿನದಿಂದಲೇ ಔಷಧ ಬೇಕು. ನರದ ನೋವನ್ನು ಮಾರ್ಫಿನ್ ಒಂದೇ ಪೂರ್ತಿ ಹಿಡಿಯುವುದಿಲ್ಲ, ಜೊತೆಗೆ ಗ್ಯಾಬಾಪೆಂಟಿನ್ ಕೊಟ್ಟಿದ್ದರು. ಕಂಡಕ್ಟರರು ಬಹಳ ಕಾಲ ಉಳಿಯಲಿಲ್ಲ. ಆದರೆ ಕೊನೆಯ ತಿಂಗಳುಗಳಲ್ಲಿ ಕಟ್ಟೆಯ ಮೇಲೆ ಕೂತು, ಹಾದುಹೋಗುವ ಬಸ್ಸುಗಳಿಗೆ ಕೈ ಎತ್ತಿ, ಬಂದವರೊಡನೆ ನಗುತ್ತ ಮಾತಾಡಿದರು. ಮೊದಲಿನ ನೋವಿನಲ್ಲಿ ಅದು ಆಗದ ಮಾತಾಗಿತ್ತು.

ಇವರಿಬ್ಬರನ್ನು ನೋಡಿದ ಮೇಲೆ ನನಗೆ ಒಂದು ಖಚಿತವಾಯಿತು. ಸ್ಕ್ಯಾನಿಂಗಿನಲ್ಲಿ ಗಡ್ಡೆ ಕಾಣುತ್ತದೆ, ನರದ ನೋವು ಕಾಣುವುದಿಲ್ಲ. ಅದನ್ನು ಅಳೆಯಲು ನಮ್ಮಲ್ಲಿರುವುದು ಅನುಭವಿಸುವವರ ಬಾಯಿಮಾತು ಮಾತ್ರ. ಆ ಮಾತನ್ನು ನಂಬದ ಮನೆಯಲ್ಲಿ ಚಿಕಿತ್ಸೆ ಶುರುವೇ ಆಗುವುದಿಲ್ಲ. ಕರ್ನಾಟಕ ಸರ್ಕಾರ 2016ರಲ್ಲಿ ಉಪಶಾಮಕ ಆರೈಕೆಯ ನೀತಿ ತಂದಿದೆ. ಅದು ತಾಲ್ಲೂಕು ಆಸ್ಪತ್ರೆಯ ಔಷಧಿ ಕೋಣೆಯವರೆಗೆ ಬಂದರೆ ನಮ್ಮವರ ಬಸ್ ಚಾರ್ಜು ಉಳಿಯುತ್ತದೆ, ರಾತ್ರಿಗಳೂ ಉಳಿಯುತ್ತವೆ.

ನಿಮ್ಮ ಮನೆಯಲ್ಲಿ ಕ್ಯಾನ್ಸರಿಗೆ ಚಿಕಿತ್ಸೆ ಪಡೆದವರಿದ್ದರೆ ರಿಪೋರ್ಟು ಚೆನ್ನಾಗಿದೆಯೆಂದು ಸುಮ್ಮನಾಗಬೇಡಿ. ಉರಿಯುತ್ತದೆಯೇ, ಜೋಮು ಹಿಡಿಯುತ್ತದೆಯೇ, ಬಟ್ಟೆ ತಾಗಿದರೆ ತಡೆಯಲಾಗುವುದಿಲ್ಲವೇ, ರಾತ್ರಿ ನಿದ್ದೆ ಬರುತ್ತದೆಯೇ ಎಂದು ಕೂತು ಕೇಳಿ. ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಒಂದು ಚೀಟಿಯಲ್ಲಿ ಬರೆದು ವೈದ್ಯರ ಮುಂದಿಡಿ. ಕೀಮೋ ನಡೆಯುತ್ತಿರುವಾಗಲೇ ಜೋಮು ಕಂಡರೆ ಮುಂದಿನ ಸಲದವರೆಗೆ ಮುಚ್ಚಿಡಬೇಡಿ. ಔಷಧದ ಪ್ರಮಾಣ ಇಳಿಸಬೇಕೋ ಬದಲಿಸಬೇಕೋ ಎಂದು ಅವರು ಅದನ್ನು ನೋಡಿಯೇ ತೀರ್ಮಾನಿಸುತ್ತಾರೆ. ಗುಳಿಗೆಯ ಮೇಲೆ ಬೇರೆ ರೋಗದ ಹೆಸರು ಕಂಡರೆ ಬಿಸಾಡಬೇಡಿ, ಬರೆದವರನ್ನು ಕೇಳಿ. ನೋವನ್ನು ಸಹಿಸಿಕೊಂಡವರಿಗೆ ಕ್ಯಾನ್ಸರ್ ಬೇಗ ವಾಸಿಯಾಯಿತು ಎಂಬುದನ್ನು ನಾನಂತೂ ಎಲ್ಲೂ ಕಂಡಿಲ್ಲ.